ಲಟ್ಟಣಿಗೆ ಇನ್‌ಸ್ಪೆಕ್ಟರು

ಹೈಮಾಳ ಎಡಗೆನ್ನೆ ಬನ್ನಿನ ಹಾಗೆ ಊದಿತ್ತು. ಅದನ್ನು ಕಂಡು ಅವಳ ಕಾಲೇಜು ಗೆಳತಿ ಪ್ರಫುಲ್ಲಾಗೆ ಮೈಯೆಲ್ಲ ಉರಿದುಹೋಯಿತು.

“ಸ್ಟೇಷನ್‌ಗೆ ನಡಿ. ನಿನ್ನ ಗಂಡ ಆಫೀಸಿಂದ ಬರೋದ್ರೊಳಗೆ ಕಂಪ್ಲೇಂಟ್ ಕೊಟ್ಟುಬಿಡೋಣ. ಇಲ್ದಿದ್ರೆ ಮುಂದಿನ ಸಲ ನಿನ್ನ ನೋಡೋಕೆ ನಾನು ಆಸ್ಪತ್ರೆಗೇ ಬರ್ಬೇಕಾಗುತ್ತೆ ಕಣೇ.”

“ಹೋದ್ರೆ ಏನಾಗುತ್ತೆ ಹೇಳ್ಲಾ?”

ಕಾಲೇಜಿನಲ್ಲಿ ಲೆಕ್ಚರರ್‌ಗಳನ್ನೆಲ್ಲ ಅಣಕಿಸಿ ಬಹುಮಾನ ಹೊಡೆದವಳು ಹೈಮಾ. ಅಡುಗೆಕಟ್ಟೆಯ ಮೇಲಿದ್ದ ಲಟ್ಟಣಿಗೆಯನ್ನು ಇನ್‌ಸ್ಪೆಕ್ಟರ ಲಾಠಿಯಂತೆ ಕಂಕುಳಲ್ಲಿ ಸಿಕ್ಕಿಸಿಕೊಂಡು, ಇಲ್ಲದ ಹೊಟ್ಟೆಯನ್ನು ಮುಂದೆ ಮಾಡಿ, ದಪ್ಪ ದನಿ ತೆಗೆದಳು. “ಯಾಕಮ್ಮಾ ಹೊಡ್ದ? ಸಾರಿಗೆ ಉಪ್ಪು ಜಾಸ್ತಿ ಮಾಡಿದ್ಯಾ?”

ನಗಬಾರದೆಂದುಕೊಂಡರೂ ಪ್ರಫುಲ್ಲಾ ನಕ್ಕುಬಿಟ್ಟಳು.

ಹೈಮಾ ಮೂಗಿನಲ್ಲಿ ಮಾತಾಡಿ ಮಹಿಳಾ ಪೇದೆಯಾದಳು. “ನಮ್ಮನೇಲೂ ಇದ್ದದ್ದೇ ಕಣಮ್ಮಾ, ಅಡ್ಜಸ್ಟ್ ಮಾಡ್ಕೋಬೇಕು.” ಮತ್ತೆ ಇನ್‌ಸ್ಪೆಕ್ಟರಾಗಿ ಬಾಗಿಲತ್ತ ತಿರುಗಿ, ಅಲ್ಲಿ ಗಂಡ ಬಂದು ನಿಂತಂತೆ ಕುರ್ಚಿ ಎಳೆದಳು. “ಬನ್ನಿ ಸಾರ್, ಕೂತ್ಕೊಳ್ಳಿ. ಟೀ ತಗೋತೀರಾ?”

ಹೊರಗೆ ಗೇಟು ಕಿರುಗುಟ್ಟಿತು. ಹೈಮಾ ಲಟ್ಟಣಿಗೆಯನ್ನು ಥಟ್ಟನೆ ಕೆಳಗಿಟ್ಟಳು. ಬಂದದ್ದು ಪಕ್ಕದ ಮನೆಯವರು, ಅವರ ಗೇಟಿಗೆ.

“ಸುಮ್ಸುಮ್ನೆ ಏನೇನೋ ಊಹಿಸ್ಕೊಂಡು ಹೆದರ್ತೀಯ,” ಎಂದು ಪ್ರಫುಲ್ಲಾ ಅವಳ ಕೈ ಹಿಡಿದೆಳೆದಳು. “ಒಂದ್ಸಲಾನಾದ್ರೂ ಆ ಮೆಟ್ಟಿಲು ಹತ್ತಿದ್ರೆ ತಾನೇ ಗೊತ್ತಾಗೋದು? ನಾನು ಜೊತೇಲಿರ್ತೀನಿ, ನಡಿ.”

ಹೈಮಾ ಕೈ ಬಿಡಿಸಿಕೊಂಡಳು. ಲಟ್ಟಣಿಗೆಯನ್ನು ಮತ್ತೆ ಕಂಕುಳಿಗೇರಿಸಿ, ಗೆಳತಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಅವಳ ಪಕ್ಕದಲ್ಲಿ ತಾನೇ ನಿಂತಿರುವಂತೆ ಅತ್ತ ತಿರುಗಿ, ಅದೇ ದಪ್ಪ ದನಿಯಲ್ಲಿ ಹೇಳಿದಳು:

“ಏನಮ್ಮಾ, ಮತ್ತೆ ಬಂದ್ಯಾ? ಹೋದ್ಸಲ ನಿಮ್ಮಪ್ಪ, ಈ ಸಲ ಫ್ರೆಂಡಾ?”