ಹಸಿರು ಉಗುರು

ಹುಟ್ಟಿದ ಕೂಡಲೇ ಎಲ್ಲರ ನಾಲಿಗೆಗೂ ತಾಮ್ರದ ವಿಷ ಪತ್ತೆಹಚ್ಚುವ ಹನಿಯೊಂದನ್ನು ಹಾಕಿಸುತ್ತಿದ್ದ ಕಾಲವದು. ಆಮೇಲೆ ಯಾವಾಗ ಮೈಗೆ ತಾಮ್ರ ಸೇರಿದರೂ ನೀಲಿ ದೀಪದಡಿ ಉಗುರು ಹಸಿರಾಗಿ ಹೊಳೆಯುತ್ತಿತ್ತು. ಅಂಗನವಾಡಿಯ ಬಾಗಿಲಲ್ಲಿ ಮಕ್ಕಳು ಕೈ ಚಾಚುವುದು, ಟೀಚರ್ ದೀಪ ಹಿಡಿಯುವುದು, ಚಪ್ಪಲಿ ಬಿಟ್ಟು ಒಳಗೆ ಹೋಗುವಷ್ಟೇ ಮಾಮೂಲು.

ಅಂದು ಚಂಪಾಳ ಮಗಳು ಇಂಪನಳ ಹತ್ತೂ ಉಗುರು ಹೊಳೆದವು.

"ಏನ್ರೀ ಚಂಪಾ, ಮಗೂನ ಮಧ್ಯಾಹ್ನ ಆ ದೇವಕ್ಕನ ಮನೇಲಿ ಬಿಡ್ತೀರಲ್ಲ, ಅಲ್ಲೇ ಏನೋ ತಿಂದಿರಬೇಕು," ಎಂದರು ಟೀಚರ್. "ಇನ್ನು ಯಾರೂ ಮಕ್ಕಳನ್ನ ಅಲ್ಲಿ ಬಿಡಬೇಡಿ ಅಂತ ಎಲ್ಲರಿಗೂ ಹೇಳಿಬಿಡ್ತೀನಿ."

ಚಂಪಾಳ ಮನೆಯ ಹಿತ್ತಾಳೆ ಪಾತ್ರೆಯ ಕಲಾಯಿ ಎಂದೋ ಹೋಗಿತ್ತು. ಅದರಲ್ಲಿ ಹುಣಸೆಹುಳಿ ಕುದಿಸಿದರೆ ತಾಮ್ರ ಬಿಡುತ್ತದೆಂದು ಗೊತ್ತಿದ್ದೂ, ಸಾರಿಗೆ ಅಜ್ಜಿ ಕೈಯ ರುಚಿ ಬರುತ್ತದೆಂದು ದಿನಾ ಅದನ್ನೇ ಒಲೆಗಿಟ್ಟವಳು ತಾನೇ. ದೇವಕ್ಕನಿಗೋ, ಮಕ್ಕಳನ್ನು ನೋಡಿಕೊಳ್ಳುವುದೇ ಹೊಟ್ಟೆಪಾಡು.

ಚಂಪಾ ತನ್ನ ಕೈಯನ್ನೂ ದೀಪದಡಿ ಚಾಚಿದಳು.

"ನಮ್ಮನೆ ಸಾರು, ಟೀಚರ್. ದೇವಕ್ಕನ್ನ ಏನೂ ಅನ್ಬೇಡಿ."

ಅವಳ ಉಗುರುಗಳು ಎಳೆ ಗರಿಕೆಯಂತೆ ಹೊಳೆದವು.

ಇಂಪನ ಚಪ್ಪಾಳೆ ತಟ್ಟಿದಳು. "ಅಮ್ಮಾ, ನಿಂದೂ ನನ್ನ ಥರಾನೇ! ಇವತ್ತೂ ಅದೇ ಸಾರು ಮಾಡ್ತೀಯಾ?"