ಎತ್ತರದ ಗ್ಲಾಸಿನ ನೀರು

ನಮ್ಮ ಊರಿನಲ್ಲಿ ಸಣ್ಣ ಮಕ್ಕಳು ಅಗಲ ಬಟ್ಟಲಿನ ನೀರನ್ನು ಎತ್ತರದ ಗ್ಲಾಸಿಗೆ ಸುರಿದರೆ ನೀರು ನಿಜವಾಗಿಯೂ ಹೆಚ್ಚಾಗುತ್ತದೆ. ಎತ್ತರ ಇದ್ದಲ್ಲಿ ಜಾಸ್ತಿ ಎಂದು ಅವರು ನಂಬಿರುವ ತನಕ ಮಾತ್ರ. ಅದಕ್ಕೇ ಬೇಸಿಗೆಯಲ್ಲಿ ನನ್ನ ಬಾಲವಾಡಿಯ ಮುಂದೆ ಕೊಡಗಳ ಸಾಲು. ಅದಕ್ಕೇ, ಮಗು ತಾನಾಗಿ ಕೇಳುವ ತನಕ ನಾನು ಅಳತೆಯ ಪಾಠ ಎತ್ತುವಂತಿಲ್ಲ.

ಆವತ್ತು ಬಾಲವಾಡಿಯ ಪುಟ್ಟ ಶಿವಲೀಲಾ ತುಂಬಿದ ಗ್ಲಾಸನ್ನು ಕೊಡಕ್ಕೆ ಸುರಿಯದೆ ದಿಟ್ಟಿಸಿ ನೋಡಿದಳು. ಆಮೇಲೆ ತಿರುಗಿ ಬಟ್ಟಲಿಗೇ ಸುರಿದಳು. ನೀರು ಮೊದಲಿದ್ದ ಮಟ್ಟಕ್ಕೇ ಬಂದು ನಿಂತಿತು.

“ಅಕ್ಕೋರ, ನೀರು ಇದ್ದಷ್ಟ ಐತ್ರಿ! ಗ್ಲಾಸಿನ ಹೊಟ್ಟಿ ಸಣ್ಣದೈತಿ, ಅದಕ್ಕ ಮ್ಯಾಲೇರತೈತಿ.”

ಸಾಲಿನಲ್ಲಿದ್ದ ಅವಳ ಅಜ್ಜಿ ನೀಲವ್ವ ಕೊಡ ಕುಕ್ಕಿದಳು. “ತಪ್ಪು ಅಂದುಬಿಡ್ರಿ ಅಕ್ಕೋರ. ಇದೊಂದು ಬ್ಯಾಸಗಿ ದಾಟಲಿ.”

ಅನ್ನಬಹುದಿತ್ತು. ಮಕ್ಕಳು ತಮ್ಮ ಕಣ್ಣಿಗಿಂತ ನನ್ನ ಮಾತನ್ನೇ ಹೆಚ್ಚು ನಂಬುತ್ತಾರೆ. ಆದರೆ ಕಂಡದ್ದನ್ನು ಕಂಡಿಲ್ಲ ಎನ್ನಿಸಲು ನಾನು ಅಕ್ಕೋರಾಗಿಲ್ಲ.

“ಖರೇ ಐತಿ ಶಿವಲೀಲಾ, ಇದ್ದಷ್ಟ ಐತಿ,” ಎಂದೆ.

ನೀಲವ್ವ ಖಾಲಿ ಕೊಡ ಎತ್ತಿಕೊಂಡು ಹೊರಟಳು. ಹುಡುಗಿ ಮಾತ್ರ ಕದಲಲಿಲ್ಲ.

“ಹಂಗಾರ ಅಕ್ಕೋರ, ನಿನ್ನಿತನಕ ಹೆಚ್ಚಾದ ನೀರು ಎಲ್ಲಿಂದ ಬರತಿತ್ತು?”

ಇಷ್ಟು ವರ್ಷ ನಾವು ದೊಡ್ಡವರು ಕೊಡ ತುಂಬಿಸಿಕೊಂಡು ಮನೆಗೆ ಹೋಗಿದ್ದೆವೇ ಹೊರತು ಯಾರೂ ಇದನ್ನು ಕೇಳಿರಲಿಲ್ಲ.

“ನನಗ ಗೊತ್ತಿಲ್ಲವ್ವ,” ಎಂದು ಬಟ್ಟಲು, ಗ್ಲಾಸು ಎರಡನ್ನೂ ಅವಳ ಕೈಗೇ ಕೊಟ್ಟು, ಅಳತೆ ತಿಳಿದ ಮಕ್ಕಳು ಕೂರುವ ಪಕ್ಕದ ಒಂದನೇ ಇಯತ್ತೆಯ ಕೋಣೆಯ ಬಾಗಿಲು ತೆರೆದೆ. “ಒಳಗ ಕೂಡು. ಕಂಡುಹಿಡಿದು ನನಗೂ ಹೇಳು.”

ಹೊರಟಿದ್ದ ನೀಲವ್ವ ವಾಪಸು ಬಂದಳು. ಕೊಡ ಕೆಳಗಿಟ್ಟು, ಉತ್ತರ ಕೇಳಲು ಹೊಸ್ತಿಲ ಪಕ್ಕ ಕುಳಿತಳು.