ಬೆಂಚಿನ ಎಡಗಡೆ

ಹೊಸ ರೆಕ್ಸಿನ್ ಹೊದಿಕೆ ಎರಡು ಕಡೆ ಜೋಲು ಬಿತ್ತು. ಅಂಚು ಹಿಡಿದು ಎಳೆದು ಕೂರಿಸಿದರೂ, ಅಂಗೈಯಿಂದ ತಟ್ಟಿ ತೀಡಿದರೂ ಹೋಗಲಿಲ್ಲ. ಹೊಲಿಗೆಯಲ್ಲಿ ಪಳಗಿದ ಕೈ ಎಂದು ಬೀದಿಗೆಲ್ಲ ಹೆಸರಾದ ಹೆಂಗಸಿಗೆ ಇದು ಮುಖಭಂಗವೇ ಸೈ. ಗಂಡನ ದೋಣಿಯಿಂದ ಕಳಚಿ ತಂದ ಬೆಂಚು ಬೆಳಗಿನಿಂದ ಹಜಾರದ ನಡುವೆ, ಕಿಟಕಿಗೆ ಮುಖ ಮಾಡಿಕೊಂಡು, ಬಂದ ನೆಂಟರ ಹಾಗೆ ಠೀವಿಯಿಂದ ಕೂತಿತ್ತು. ಕಿಟಕಿಯಾಚೆ ಸರೋವರ. ನೀರಿನ ಮೇಲೆ ಬಿದ್ದ ಬಿಸಿಲು ಅಲ್ಲಿಂದ ಪುಟಿದು ಒಳಗೆ ಬಂದು, ಚಾವಣಿಯ ಮೇಲೆ ಸುಮ್ಮನೆ ತೇಲಾಡುತ್ತಿತ್ತು. ದಿನಾ ಮಧ್ಯಾಹ್ನ ಅದರ ಕೆಲಸವೇ ಅದು.

“ಹಳೇ ಹೊದಿಕೆ ಬಿಚ್ಚಿ, ಅದನ್ನೇ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದ್ರಾ ಅತ್ತಿಗೆ?” ಸಹಾಯಕ್ಕೆಂದು ಬಂದಿದ್ದ ನಾದಿನಿ ಕೇಳಿದಳು.

“ಮತ್ತಿನ್ನೇನು ಮಾಡ್ಬೇಕಿತ್ತು?”

“ಕೂತು ಕೂತು ಅದು ಹಿಗ್ಗಿರುತ್ತಲ್ಲ! ಹಿಗ್ಗಿದ್ದನ್ನೇ ಅಳತೆ ಅಂದ್ಕೊಂಡ್ರಿ. ಅಂಗಿ ಹೊಲಿಯೋರು ಬೆಂಚಿಗೂ ಅಂಗಿ ತೊಡಿಸೋಕೆ ಹೋದ್ರೆ ಹೀಗೇ.”

ಮಾತು ನಿಜ. ಬಲಗಡೆ, ಚುಕ್ಕಾಣಿಯ ಎದುರಿಗೆ ಗಂಡ ಕೂರುವ ಜಾಗದಲ್ಲಿ ಒಂದು ಜೋಲು. ಅದೇನೋ ಸರಿ. ಬೀಗದ ಕೈ ಗೊಂಚಲನ್ನು ಹಿಂಜೇಬಿನಲ್ಲೇ ಇಟ್ಟುಕೊಂಡು ಕೂರುವ ಆಸಾಮಿ ಅವನು. ಪ್ಯಾಂಟುಗಳ ಬಲಜೇಬಿಗೆ ತೇಪೆ ಹಾಕಿ ಹಾಕಿ ಅವಳಿಗೆ ಸಾಕುಬೇಕಾಗಿತ್ತು. ಹಳೆಯ ಹೊದಿಕೆಯಲ್ಲೂ ಅದೇ ಜಾಗಕ್ಕೆ ತೂತು ಬಿದ್ದದ್ದು ಕಂಡು ಬೆಳಿಗ್ಗೆ ನಕ್ಕಿದ್ದಳು. ಆದರೆ ಎಡಗಡೆ? ಅಲ್ಲೂ ಅಷ್ಟೇ ಅಗಲದ ಜೋಲು.

“ಅಲ್ಲ ಅತ್ತಿಗೆ, ಅಣ್ಣನ ಪಕ್ಕದಲ್ಲಿ ಯಾರು ಕೂರ್ತಾರೆ?” ನಾದಿನಿ ಕಣ್ಣು ಮಿಟುಕಿಸಿದಳು. ಒಲೆಯ ಮೇಲೆ ಹಾಲಿಟ್ಟು ಬಂದದ್ದು ಅಷ್ಟರಲ್ಲಿ ನೆನಪಾಗಿ, ಅಯ್ಯೋ ಎನ್ನುತ್ತಾ ತನ್ನ ಮನೆಗೆ ಓಡಿದಳು. ತಮಾಷೆಗೆ ಆಡಿದ ಮಾತು. ಅದು ಮಾತ್ರ ಅವಳ ಜೊತೆ ಹೋಗದೆ ಹಜಾರದಲ್ಲೇ ಉಳಿಯಿತು.

ಗಂಡ ಆಚೆ ದಡದ ಮನೆಗಳಿಗೆ ದಿನಸಿ, ಔಷಧಿ, ಪಾರ್ಸೆಲ್ಲು ಮುಟ್ಟಿಸುವವನು. ಸಾಮಾನೆಲ್ಲ ಹಿಂದೆ, ಮುಂದಿನ ಬೆಂಚಿನಲ್ಲಿ ಅವನೊಬ್ಬನೇ. ಅವಳು ಆ ದೋಣಿ ಹತ್ತಿದ್ದು ಒಂದೇ ಸಲ, ಮದುವೆಯಾದ ಹೊಸತರಲ್ಲಿ. ದಡ ಬಿಟ್ಟು ಇನ್ನೂ ಅಷ್ಟು ದೂರ ಹೋಗಿರಲಿಲ್ಲ, ಕರುಳು ಕಿತ್ತು ಬರುವಂಥ ವಾಂತಿ. ಇನ್ನು ಸತ್ತರೂ ಹತ್ತುವುದಿಲ್ಲ ಎಂದಿದ್ದಳು. ಆಮೇಲೆ ಅವನೂ ಕರೆಯಲಿಲ್ಲ. ತಾನು ಬಿಟ್ಟುಕೊಟ್ಟ ಜಾಗದಲ್ಲಿ ಇಷ್ಟು ವರ್ಷ ಇನ್ಯಾರೋ ಕೂತು ತಗ್ಗು ಮಾಡಿದ್ದಾರೆ. ಹಾಗೆಂದುಕೊಂಡು ಎಡಗಡೆಯ ಜೋಲನ್ನು ಮತ್ತೊಮ್ಮೆ ಗೇಣು ಹಾಕಿ ಅಳೆದಳು.

ಇಂಜಿನ್ನಿಗೆ ಎಣ್ಣೆ ಹಾಕಿ ಬಂದ ಗಂಡ ಬಾಗಿಲಲ್ಲೇ ನಿಂತು, “ಆಹಾ, ಸಿಂಹಾಸನ!” ಎಂದ.

“ಎಡಗಡೆ ಯಾರು ಕೂರ್ತಾರೆ?”

“ಎಡಗಡೆ... ಯಾರೂ ಇಲ್ವಲ್ಲ. ಡಬ್ಬಗಿಬ್ಬ ಇಡ್ತೀನಿ.”

“ಡಬ್ಬ ಇಟ್ರೆ ಮೂಲೆ ಮೂಡುತ್ತೆ. ಇದು ಮನುಷ್ಯರು ಕೂತು ಆಗಿದ್ದು. ಊರಿಗೆಲ್ಲ ಅಳತೆ ತಗೊಳ್ಳೋಳು ನಾನು, ನನಗೆ ಹೇಳ್ಬೇಡಿ.”

ಅವನು ಕಿವಿಯ ತುದಿಯವರೆಗೂ ಕೆಂಪಾದ. ಅದನ್ನು ಕಂಡ ಅವಳು ಮುಂದೆ ಕೇಳುವ ಧೈರ್ಯ ಸಾಲದೆ, ಮೂಲೆಯಲ್ಲಿದ್ದ ಹಳೆಯ ಹೊದಿಕೆಯನ್ನು ಎಸೆಯಲೆಂದು ಎತ್ತಿಕೊಂಡಳು. ಹರಿದ ಕಡೆ ಅಲ್ಲಲ್ಲಿ ಅವನೇ ಕಪ್ಪು ಟೇಪು ಅಂಟಿಸಿಕೊಂಡಿದ್ದ. ಮಡಚುವಾಗ ಎಡಗಡೆಯ ಟೇಪೊಂದು ಕಿತ್ತು ಬಂತು. ಅದರಡಿ ಒಂದು ತೂತು. ಅವಳ ಬೆರಳು ತಾನಾಗಿಯೇ ಒಳಗೆ ಹೋಯಿತು. ಆ ತಗ್ಗಿನಲ್ಲೂ ಸರಿಯಾಗಿ ಬಲಜೇಬು ತಾಗುವಲ್ಲಿ, ಬೀಗದ ಕೈ ಉಜ್ಜಿ ಉಜ್ಜಿ ಬಿದ್ದ ತೂತು. ಎಷ್ಟೋ ಪ್ಯಾಂಟುಗಳಲ್ಲಿ ಆ ಬೆರಳಿಗೆ ಪರಿಚಯವಾದದ್ದೇ.

“ನೀವೇ!” ಎಂದಳು. ದನಿ ಇಳಿದುಹೋಗಿತ್ತು. “ಆ ಕಡೆ ಯಾಕ್ರೀ ಕೂರ್ತೀರಿ?”

“ನಡುನೀರಲ್ಲಿ ಇಂಜಿನ್ ನಿಲ್ಲಿಸಿ ಊಟದ ಡಬ್ಬಿ ಬಿಚ್ಚೋವಾಗ ಆ ಕಡೆಗೆ ಸರಿದು ಕೂರ್ತೀನಿ.” ಅವನು ಚಾವಣಿಯ ಬೆಳಕನ್ನು ನೋಡುತ್ತಾ ಹೇಳಿದ. “ನೀನು ಬಂದಿದ್ರೆ ನಿನಗೇನು ಕಾಣ್ತಿತ್ತು ಅಂತ. ನಗಬೇಡ ಮತ್ತೆ.”

“ಏನು ಕಾಣುತ್ತೆ?”

“ಮೊದಲು ಏನೂ ಇಲ್ಲ, ಬರೀ ನೀರು. ಆಮೇಲೆ ದೋಣಿ ತಾನೇ ಮೆಲ್ಲಗೆ ತಿರುಗುತ್ತೆ. ತಿರುಗ್ತಾ ತಿರುಗ್ತಾ ಈ ಕಿಟಕಿ ಬರುತ್ತೆ. ನೀನು ಮಿಷನ್ ಮುಂದೆ ಕೂತಿರ್ತೀಯ ಅಂದ್ಕೋತೀನಿ. ಅಷ್ಟು ದೂರಕ್ಕೆ ಕಾಣಲ್ಲ ಬಿಡು.”

ಅವಳಿಗೆ ನಗುವೂ ಅಳುವೂ ಒಟ್ಟಿಗೆ ಬಂದವು. ಆ ಜಾಗವನ್ನು ಯಾರೂ ಕಿತ್ತುಕೊಳ್ಳಲಿಲ್ಲವಲ್ಲ ಎಂದು ಹಿಗ್ಗಿದಳು. ಇಷ್ಟು ವರ್ಷ ಅದನ್ನು ಅವನೊಬ್ಬನೇ ತುಂಬಬೇಕಾಯಿತಲ್ಲ ಎಂದು ಅದರ ಹಿಂದೆಯೇ ಸಂಕಟಪಟ್ಟಳು. ಕಣ್ಣೊರೆಸಿಕೊಂಡು ಹೋಗಿ ಬೆಂಚಿನ ಎಡಗಡೆ ಕೂತಳು.

“ಬನ್ನಿ, ಕೂತ್ಕೊಳ್ಳಿ. ಆ ಬೀಗದ ಕೈ ಮೊದಲು ಆಚೆ ಇಡಿ.”

ಅವನು ಗೊಂಚಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಲಗಡೆ ಕೂತ. ಜೋಲು ಬಿದ್ದಿದ್ದ ಹೊದಿಕೆ ಇಬ್ಬರ ಅಡಿಯಲ್ಲೂ ಸದ್ದಿಲ್ಲದೆ ಸರಿಹೋಯಿತು. ಪರದೆ ಗಾಳಿ ತುಂಬಿಕೊಂಡು ಉಬ್ಬಿತು. ಚಾವಣಿಯ ಬೆಳಕು ಗೋಡೆಗಿಳಿದು, ಗೋಡೆಯಿಂದ ನೆಲಕ್ಕೆ ಹರಿದು, ಅವರ ಪಾದದ ಸುತ್ತ ಅಲೆಅಲೆಯಾಗಿ ಆಡತೊಡಗಿತು. ಹೊಲಿಗೆಯ ಮಿಷನ್ನು, ಬಟ್ಟೆಯ ಗಂಟು, ಬಾಗಿಲು ಎಲ್ಲವೂ ದೋಣಿ ಬಿಟ್ಟ ದಡದ ಹಾಗೆ ಒಂದೊಂದಾಗಿ ಹಿಂದಕ್ಕೆ ಸರಿದವು.

ಅವಳು ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. “ರೀ, ಮೆಲ್ಲಗೆ ಬಿಡಿ. ನನಗೆ ತಲೆ ಸುತ್ತುತ್ತೆ.”

ಗಂಡ ಗಾಳಿಯಲ್ಲಿ ಕೈಚಾಚಿ, ಅಲ್ಲಿಲ್ಲದ ಇಂಜಿನ್ನಿನ ಹಿಡಿಯನ್ನು ತನ್ನತ್ತ ಎಳೆದು, ವೇಗ ತಗ್ಗಿಸಿದ.